ವಿಆರ್ ಹೆಡ್‌ಸೆಟ್ ಹಾಕಿದರೆ ಹೊಟ್ಟೆ ತೊಳಸುವುದೇಕೆ? ಕಾರಣ ಹುಡುಕಿ ಸರಿಪಡಿಸಿಕೊಳ್ಳುವ ಬಗೆ

ವಿಆರ್ ಅಂದರೆ ವರ್ಚುವಲ್ ರಿಯಾಲಿಟಿ. ಇದರ ಹೆಡ್‌ಸೆಟ್ ಕಣ್ಣಿಗೆ ಕಟ್ಟಿಕೊಂಡರೆ ಸುತ್ತಲೂ ಬೇರೆಯೇ ಒಂದು ಲೋಕ ಕಾಣುತ್ತದೆ. ಹೊಸ ವಿಆರ್ ಹೆಡ್‌ಸೆಟ್ ಮನೆಗೆ ಬಂದ ದಿನ ಹೆಚ್ಚಿನವರು ಮೊದಲು ಹಾಕುವುದೇ ರೋಲರ್ ಕೋಸ್ಟರ್ ಆಟ. ಸ್ವಲ್ಪ ಹೊತ್ತಿಗೆ ಒಬ್ಬರಿಗೆ ತಲೆಸುತ್ತು, ಇನ್ನೊಬ್ಬರಿಗೆ ವಾಕರಿಕೆ. "ಇದು ನಮ್ಮ ಮೈಗೆ ಆಗಿಬರೋದಿಲ್ಲ ಬಿಡಿ" ಅಂತ ಹೆಡ್‌ಸೆಟ್ ವಾಪಸ್ ಡಬ್ಬಿಗೆ ಹೋಗುತ್ತದೆ. ಅಷ್ಟು ದುಡ್ಡು ಕೊಟ್ಟು ತಂದ ಸಾಮಾನು ಅಟ್ಟ ಸೇರುತ್ತದೆ.

ಇದನ್ನು ನೋಡಿದಾಗಲೆಲ್ಲ ನನಗೆ ಬೇಜಾರಾಗುತ್ತದೆ. ಯಾಕೆಂದರೆ ಬಹಳ ಸಲ ತೊಂದರೆ ಇರುವುದು ಅವರು ಮೊದಲು ಆರಿಸಿಕೊಂಡ ಆ್ಯಪ್‌ನಲ್ಲಿ, ಇಲ್ಲವೇ ಸರಿಯಾಗಿ ಹೊಂದಿಸದ ಲೆನ್ಸ್‌ನಲ್ಲಿ. ವಿಆರ್‌ನಲ್ಲಿ ಹುಷಾರು ತಪ್ಪುವುದಕ್ಕೆ ಕಾರಣ ಒಂದಲ್ಲ, ನಾಲ್ಕೈದು ಇವೆ. ಒಂದೊಂದಕ್ಕೂ ಪರಿಹಾರ ಬೇರೆ. ನಿಮ್ಮ ಕಾರಣ ಯಾವುದು ಅಂತ ಗೊತ್ತಾದರೆ ಅರ್ಧ ಕೆಲಸ ಆದ ಹಾಗೆ.

ಒಳಗೆ ಏನಾಗುತ್ತದೆ

ನಮ್ಮ ಎರಡೂ ಕಿವಿಗಳ ಒಳಭಾಗದಲ್ಲಿ, ಕೇಳುವ ಭಾಗದ ಪಕ್ಕದಲ್ಲೇ, ಸಮತೋಲನಕ್ಕೆಂದೇ ಒಂದು ವ್ಯವಸ್ಥೆ ಇದೆ. ಅರ್ಧವೃತ್ತದ ಮೂರು ನಾಳಗಳು, ಅವುಗಳ ತುಂಬ ದ್ರವ. ತಲೆ ತಿರುಗಿದಾಗ ದ್ರವ ಒಂದು ಕ್ಷಣ ಹಿಂದೆ ಉಳಿಯುತ್ತದೆ. ಆಗ ಅಲ್ಲಿರುವ ಕೂದಲಿನಂಥ ಕೋಶಗಳು ಬಾಗುತ್ತವೆ, ಮೆದುಳಿಗೆ ಸುದ್ದಿ ಹೋಗುತ್ತದೆ. ನಾಳಗಳ ಬುಡದಲ್ಲಿ ಎರಡು ಪುಟ್ಟ ಚೀಲಗಳಿವೆ, ಅವುಗಳಲ್ಲಿ ಸುಣ್ಣದ ಸಣ್ಣ ಹರಳುಗಳು. ನಾವು ಮುಂದೆ ನುಗ್ಗಿದರೆ, ಲಿಫ್ಟ್‌ನಲ್ಲಿ ಮೇಲೆ ಹೋದರೆ, ತಲೆ ವಾಲಿಸಿದರೆ ಆ ಹರಳುಗಳ ಭಾರ ಜರುಗುತ್ತದೆ. ಒಂದು ವಿಷಯ ನೆನಪಿಡಿ, ಮುಂದೆ ಬೇಕಾಗುತ್ತದೆ: ಈ ವ್ಯವಸ್ಥೆಗೆ ಗೊತ್ತಾಗುವುದು ವೇಗದ ಬದಲಾವಣೆ ಮಾತ್ರ. ಒಂದೇ ವೇಗದಲ್ಲಿ ನೇರವಾಗಿ ಸಾಗುತ್ತಿದ್ದರೆ ಅದಕ್ಕೆ ಹೇಳುವುದಕ್ಕೇನೂ ಇರುವುದಿಲ್ಲ.

ಚಾರ್ಮಾಡಿ ಘಾಟಿಯಲ್ಲಿ ಬಸ್ಸಿನಲ್ಲಿ ಕೂತು ಮೊಬೈಲ್ ನೋಡಿದರೆ ಏನಾಗುತ್ತದೆ ಅಂತ ಗೊತ್ತಲ್ವಾ? ಒಂದೊಂದು ತಿರುವೂ ಕಿವಿಗೆ ಗೊತ್ತಾಗುತ್ತದೆ. ಮೊಬೈಲ್‌ಗೆ ಅಂಟಿಕೊಂಡ ಕಣ್ಣಿಗೆ ಏನೂ ಅಲ್ಲಾಡಿದ ಹಾಗೆ ಕಾಣುವುದಿಲ್ಲ. ವಿಆರ್‌ನಲ್ಲಿ ಇದೇ ಜಗಳ ಉಲ್ಟಾ ಆಗುತ್ತದೆ. ಕಣ್ಣು "ಓಡುತ್ತಿದ್ದೇವೆ" ಅನ್ನುತ್ತದೆ, ಕಿವಿ "ಕುರ್ಚಿ ಮೇಲೆ ಸುಮ್ನೆ ಕೂತಿದ್ದೇವೆ" ಅನ್ನುತ್ತದೆ. ಇನ್ನೊಂದು ಗಮನಿಸಿ: ಅದೇ ಬಸ್ಸಿನ ಡ್ರೈವರ್‌ಗೆ ವಾಂತಿ ಬರುವುದು ಅಪರೂಪ. ಮುಂದಿನ ತಿರುವು ಯಾವ ಕಡೆ, ಎಷ್ಟು ಜೋರು ಅಂತ ಅವರ ಮೈಗೆ ಮೊದಲೇ ಗೊತ್ತಿರುತ್ತದೆ. ವಿಆರ್‌ನಲ್ಲೂ ಹೀಗೇ. ನಿಮ್ಮನ್ನು ಬೇರೆ ಯಾರೋ ಒಯ್ಯುವ ಆಟಕ್ಕಿಂತ ನೀವೇ ನಡೆಸುವ ಆಟದಲ್ಲಿ ತೊಂದರೆ ಕಡಿಮೆ.

ಈ ಜಗಳದಲ್ಲಿ ಒಳಗಿವಿಯ ಪಾಲು ದೊಡ್ಡದು ಅನ್ನುವುದು ಹಳೆಯ ಸಂಗತಿ. ಕಿವುಡರಾದ ಅನೇಕರನ್ನು ಗಿರಗಿರ ತಿರುಗಿಸಿದರೂ ತಲೆ ಸುತ್ತುವುದಿಲ್ಲ ಅಂತ ಅಮೆರಿಕದ ಮನಶ್ಶಾಸ್ತ್ರಜ್ಞ ವಿಲಿಯಂ ಜೇಮ್ಸ್ 1882ರಲ್ಲೇ ಬರೆದಿದ್ದರು. ಒಳಗಿವಿಯ ಸಮತೋಲನದ ಭಾಗ ಪೂರ್ತಿ ಕೆಲಸ ಮಾಡದವರಿಗೆ ಹಡಗಿನಲ್ಲೂ ವಾಕರಿಕೆ ಬರುವುದಿಲ್ಲ.

ಸರಿ, ಕಣ್ಣು ಕಿವಿ ಜಗಳವಾಡಿದರೆ ಹೊಟ್ಟೆಗೇನು ಸಂಬಂಧ? ಇದಕ್ಕೆ 1977ರಲ್ಲಿ ಮಿಶೆಲ್ ಟ್ರೀಸ್‌ಮನ್ ಅನ್ನುವ ಮನಶ್ಶಾಸ್ತ್ರಜ್ಞ ಒಂದು ಊಹೆ ಮುಂದಿಟ್ಟರು. ಕಾಡಿನ ಕಾಲದಲ್ಲಿ ಕಣ್ಣು ಮತ್ತು ಸಮತೋಲನ ಹೀಗೆ ತಾಳ ತಪ್ಪುತ್ತಿದ್ದದ್ದು ವಿಷ ತಿಂದಾಗ. ಅದಕ್ಕೇ ಮೈ "ಏನೋ ತಿಂದಿದ್ದೀಯ, ಹೊರಗೆ ಹಾಕು" ಅನ್ನುತ್ತದೆ ಅಂತ. ಎಲ್ಲರೂ ಇದನ್ನು ಒಪ್ಪುವುದಿಲ್ಲ. ಮೈಯನ್ನು ನೆಟ್ಟಗೆ ನಿಲ್ಲಿಸಿಕೊಳ್ಳುವ ಹಿಡಿತ ತಪ್ಪುವುದೇ ಮೂಲ ಕಾರಣ ಅಂತ 1991ರಲ್ಲಿ ರಿಚ್ಚಿಯೋ ಮತ್ತು ಸ್ಟಾಫ್ರೆಗನ್ ಅನ್ನುವ ಸಂಶೋಧಕರು ವಾದಿಸಿದರು. ನಮಗೆ ಎರಡರಿಂದಲೂ ಉಪಯೋಗವಿದೆ. ನಿಂತು ಆಡುವಾಗ ಮೈ ತೂಗಾಡಲು ಶುರುವಾದರೆ ಅದನ್ನೇ ಮುನ್ಸೂಚನೆ ಅಂದುಕೊಳ್ಳಿ.

ಇದು ದುರ್ಬಲರಿಗೆ ಬರುವ ತೊಂದರೆ ಅಂದುಕೊಂಡವರಿಗೆ ಒಂದು ಮಾತು. 1950ರ ದಶಕದಲ್ಲಿ ಅಮೆರಿಕದ ಸೇನೆ ಹೆಲಿಕಾಪ್ಟರ್ ತರಬೇತಿಗೆ ಸಿಮ್ಯುಲೇಟರ್ ತಂದಾಗ ಅದರಲ್ಲಿ ಕೂತ ಪೈಲಟ್‌ಗಳಿಗೆ ವಾಕರಿಕೆ ಬಂತು. ಕಲಿಯುವವರಿಗಿಂತ ಕಲಿಸುವವರಿಗೇ ಜಾಸ್ತಿ ಬಂತು. ನಿಜವಾದ ಹೆಲಿಕಾಪ್ಟರ್ ಹೇಗೆ ಅಲ್ಲಾಡುತ್ತದೆ ಅಂತ ಯಾರ ಮೈಗೆ ಚೆನ್ನಾಗಿ ಗೊತ್ತಿತ್ತೋ ಅವರಿಗೇ ಸುಳ್ಳು ಹೆಲಿಕಾಪ್ಟರ್ ಹೆಚ್ಚು ಕಾಡಿತು. ಹಾಗಾಗಿ ಮನೆಯಲ್ಲಿ ಯಾರಿಗಾದರೂ ತಲೆ ಸುತ್ತಿದರೆ ದಯವಿಟ್ಟು ಆಡಿಕೊಳ್ಳಬೇಡಿ. ಅವರ ಸಮತೋಲನದ ವ್ಯವಸ್ಥೆ ತನ್ನ ಕೆಲಸವನ್ನು ಸರಿಯಾಗಿಯೇ ಮಾಡುತ್ತಿದೆ.

ಮೊದಲ ಹೆಜ್ಜೆ: ಏನಾಗುತ್ತಿದೆ ಅಂತ ಸರಿಯಾಗಿ ಗುರುತಿಸಿ

"ತಲೆ ಒಂಥರಾ ಆಗುತ್ತೆ" ಅನ್ನುವುದು ಸಾಲದು. 1993ರಲ್ಲಿ ಕೆನಡಿ ಅನ್ನುವ ಸಂಶೋಧಕ ಮತ್ತು ಜೊತೆಗಾರರು ಸಿಮ್ಯುಲೇಟರ್ ತೊಂದರೆ ಅಳೆಯಲು 16 ಲಕ್ಷಣಗಳ ಒಂದು ಪಟ್ಟಿ ಮಾಡಿದರು. ವಿಆರ್ ಸಂಶೋಧನೆಯಲ್ಲಿ ಇವತ್ತಿಗೂ ಅದನ್ನೇ ಹೆಚ್ಚಾಗಿ ಬಳಸುತ್ತಾರೆ. ಅದು ಲಕ್ಷಣಗಳನ್ನು ಮೂರು ಗುಂಪು ಮಾಡುತ್ತದೆ: ಹೊಟ್ಟೆಯದು, ಕಣ್ಣಿನದು, ದಿಕ್ಕು ತಪ್ಪಿದಂತೆ ಆಗುವುದು. ಮನೆಯಲ್ಲಿ ನಮಗೂ ಈ ಮೂರು ಗುಂಪು ಸಾಕು.

ಕಣ್ಣು ಎಳೆದ ಹಾಗೆ, ಹಣೆ ನೋವು, ಅಕ್ಷರ ಮಂಜು ಅಂದರೆ ಮೊದಲು ಲೆನ್ಸ್, ತಲೆಗೆ ಕಟ್ಟುವ ಪಟ್ಟಿ, ಕನ್ನಡಕ ನೋಡಿ. ನೆಲ ತೇಲಿದ ಹಾಗೆ, ತಲೆ ತಿರುಗಿಸಿದಾಗ ಗೋಡೆ ತಡವಾಗಿ ಬಂದ ಹಾಗೆ ಅನ್ನಿಸಿದರೆ ಟ್ರ್ಯಾಕಿಂಗ್ (ತಲೆ ಎಲ್ಲಿದೆ ಅಂತ ಹೆಡ್‌ಸೆಟ್ ಗುರುತಿಸುವುದು) ಅಥವಾ ಚಿತ್ರ ಬರುವ ವೇಗದ ಸಮಸ್ಯೆ. ಹೊಟ್ಟೆ ತೊಳಸುವುದು, ಬಾಯಲ್ಲಿ ನೀರೂರುವುದು, ತಣ್ಣನೆ ಬೆವರು ಬಂದರೆ ಹೆಚ್ಚಾಗಿ ಆಟದೊಳಗಿನ ಓಡಾಟವೇ ಕಾರಣ. ಗಡಿಗಳು ಇಷ್ಟು ಕರಾರುವಾಕ್ಕಲ್ಲ, ಒಂದು ಇನ್ನೊಂದಕ್ಕೆ ದಾರಿ ಮಾಡಿಕೊಡುತ್ತದೆ. ಆದರೂ ಎಲ್ಲಿಂದ ಹುಡುಕಲು ಶುರು ಮಾಡಬೇಕು ಅಂತ ಇದು ಹೇಳುತ್ತದೆ.

ಎರಡನೇ ಹೆಜ್ಜೆ: ನಿಮ್ಮ ಹೆಡ್‌ಸೆಟ್‌ಗೆ ನಿಮ್ಮ ತಲೆ ಎಲ್ಲಿದೆ ಅಂತ ಗೊತ್ತಾ?

ಹೆಡ್‌ಸೆಟ್ ಹಾಕಿಕೊಂಡು, ಎದುರಿಗಿರುವ ಯಾವುದಾದರೂ ವಸ್ತುವಿನ ಕಡೆ ಮೈ ಬಗ್ಗಿಸಿ. ವಸ್ತು ಹತ್ತಿರ ಬಂತಾ? ಬಂದರೆ ಸರಿ. ಅದೂ ನಿಮ್ಮ ಜೊತೆಗೇ ಹಿಂದೆ ಸರಿದರೆ ನಿಮ್ಮ ಹೆಡ್‌ಸೆಟ್‌ಗೆ ತಲೆ ಯಾವ ಕಡೆ ತಿರುಗಿದೆ ಅನ್ನುವುದಷ್ಟೇ ಗೊತ್ತು, ಎಲ್ಲಿದೆ ಅನ್ನುವುದು ಗೊತ್ತಿಲ್ಲ.

2014ರಲ್ಲಿ ಗೂಗಲ್ ಕಾರ್ಡ್‌ಬೋರ್ಡ್ ಬಂದ ಮೇಲೆ ನಮ್ಮಲ್ಲಿ ಅಗ್ಗಕ್ಕೆ ಸಿಕ್ಕ ಪ್ಲಾಸ್ಟಿಕ್ ಡಬ್ಬಿಗಳೆಲ್ಲ, ಅಂದರೆ ಒಳಗೆ ಮೊಬೈಲ್ ತೂರಿಸುವಂಥವು, ಈ ಜಾತಿಯವು. ಬಹಳ ಜನ ವಿಆರ್ ಅಂದರೆ ತಲೆನೋವು ಅಂತ ತೀರ್ಮಾನ ಮಾಡಿದ್ದೇ ಇವುಗಳಿಂದ. ತಲೆ ತಿರುಗುವುದು ಕುತ್ತಿಗೆಯ ಮೇಲೆ, ಕಣ್ಣು ಇರುವುದು ಅದಕ್ಕಿಂತ ಮುಂದೆ. ಹಾಗಾಗಿ ಬರೀ ಎಡಕ್ಕೆ ನೋಡಿದರೂ ಕಣ್ಣು ಕೆಲವು ಸೆಂಟಿಮೀಟರ್ ಜಾಗ ಬದಲಿಸುತ್ತದೆ. ಡಬ್ಬಿಗೆ ಅದು ತಿಳಿಯುವುದಿಲ್ಲ. ಅಷ್ಟೂ ಹೊತ್ತು ಸಣ್ಣ ಸಣ್ಣ ಸುಳ್ಳು ಕಣ್ಣಿಗೆ ಬೀಳುತ್ತಲೇ ಇರುತ್ತದೆ. ಇಂಥದ್ದು ನಿಮ್ಮ ಬಳಿ ಇದ್ದರೆ ತಿರುಗುವ ಕುರ್ಚಿಯಲ್ಲಿ ಬೆನ್ನು ಆನಿಸಿ ಕೂತು, ಕ್ಯಾಮೆರಾ ನಿಂತಲ್ಲೇ ನಿಂತು ತೆಗೆದ 360 ಡಿಗ್ರಿ ವಿಡಿಯೋ ಮಾತ್ರ ನೋಡಿ. ಆಟ ಬೇಡ. ದುಬಾರಿ ಹೆಡ್‌ಸೆಟ್‌ನಲ್ಲೂ 360 ವಿಡಿಯೋಗೆ ಇದೇ ಮಿತಿ ಇದೆ, ಯಾಕೆಂದರೆ ವಿಡಿಯೋ ಒಂದೇ ಜಾಗದಿಂದ ತೆಗೆದದ್ದು. ಡ್ರೋನ್‌ನಿಂದಲೋ ಬೈಕ್‌ನಿಂದಲೋ ತೆಗೆದ 360 ವಿಡಿಯೋ ಇನ್ನೂ ಕಷ್ಟ. ಅದನ್ನು ಮೊದಲ ದಿನ ಮುಟ್ಟಲೇಬೇಡಿ.

ಮೂರನೇ ಹೆಜ್ಜೆ: ಚಿತ್ರ ತಡವಾಗುತ್ತಿದೆಯೇ ನೋಡಿ

ಇಲ್ಲೇ ಕೂತು ಒಂದು ಪರೀಕ್ಷೆ ಮಾಡಿ. ತೋರುಬೆರಳನ್ನು ಮುಖದಿಂದ ಒಂದಡಿ ದೂರ ಹಿಡಿದು ಎಡಕ್ಕೂ ಬಲಕ್ಕೂ ಬೇಗ ಬೇಗ ಅಲ್ಲಾಡಿಸಿ. ಬೆರಳಿನ ಗೆರೆಗಳು ಕಾಣುವುದಿಲ್ಲ, ಎಲ್ಲ ಕಲಸಿಹೋಗುತ್ತದೆ. ಈಗ ಬೆರಳನ್ನು ನಿಲ್ಲಿಸಿ, ಅದನ್ನೇ ನೋಡುತ್ತಾ, ಅಷ್ಟೇ ವೇಗದಲ್ಲಿ ತಲೆಯನ್ನು "ಇಲ್ಲ ಇಲ್ಲ" ಅನ್ನುವ ಹಾಗೆ ಆಡಿಸಿ. ಗೆರೆಗಳು ಸ್ಪಷ್ಟವಾಗಿ ಕಾಣುತ್ತವೆ! ತಲೆ ಒಂದು ಕಡೆ ಹೋದರೆ ಕಣ್ಣು ಅಷ್ಟೇ ಇನ್ನೊಂದು ಕಡೆ ಹೋಗುತ್ತದೆ. ಕಿವಿಯಿಂದ ಕಣ್ಣಿನ ಸ್ನಾಯುಗಳಿಗೆ ಆ ಆಜ್ಞೆ ಹೋಗಲು ಹಿಡಿಯುವ ಹೊತ್ತು ಸುಮಾರು 10 ಮಿಲಿಸೆಕೆಂಡ್.

ಹೆಡ್‌ಸೆಟ್ ಈ ವೇಗಕ್ಕೆ ಸರಿಸಾಟಿಯಾಗಿ ಓಡಬೇಕು. ತಲೆ ಅಲ್ಲಾಡಿದ್ದಕ್ಕೂ ಹೊಸ ಚಿತ್ರ ಕಣ್ಣಿಗೆ ಬೀಳುವುದಕ್ಕೂ ನಡುವೆ 20 ಮಿಲಿಸೆಕೆಂಡ್‌ಗಿಂತ ಜಾಸ್ತಿ ಆಗಬಾರದು ಅನ್ನುವುದು ಈ ಉದ್ಯಮದಲ್ಲಿ ಎಲ್ಲರೂ ಇಟ್ಟುಕೊಂಡ ಗುರಿ. ಜೊತೆಗೆ ಪರದೆ ಸೆಕೆಂಡಿಗೆ ಎಷ್ಟು ಸಲ ಹೊಸದಾಗುತ್ತದೆ ಅನ್ನುವುದೂ (ಇದರ ಅಳತೆ ಹರ್ಟ್ಸ್) ಲೆಕ್ಕಕ್ಕೆ ಬರುತ್ತದೆ. 2013ರ ಮೊದಲ ಆಕ್ಯುಲಸ್ ಹೆಡ್‌ಸೆಟ್ ಕಿಟ್‌ನಲ್ಲಿ ಇದು 60 ಇತ್ತು, 2016ರ ರಿಫ್ಟ್ ಮತ್ತು ವೈವ್ ಹೆಡ್‌ಸೆಟ್‌ಗಳಲ್ಲಿ 90 ಆಯಿತು. ಮೆಟಾ ಕಂಪನಿಯ ಈಗಿನ ಕ್ವೆಸ್ಟ್ ಹೆಡ್‌ಸೆಟ್‌ಗಳಲ್ಲಿ ಆಟವನ್ನು ನೋಡಿಕೊಂಡು 72ರಿಂದ 120ರವರೆಗೆ ಹೋಗುತ್ತದೆ. 72 ಅಂದರೆ ಒಂದು ಚಿತ್ರಕ್ಕೆ ಸುಮಾರು 14 ಮಿಲಿಸೆಕೆಂಡ್, 90 ಅಂದರೆ 11.

ನಿಮ್ಮ ಕಡೆಯಿಂದ ಮಾಡುವುದೇನು? ಆಟ ಕಂಪ್ಯೂಟರ್‌ನಿಂದ ಬರುತ್ತಿದ್ದರೆ ಗ್ರಾಫಿಕ್ಸ್ ಇಳಿಸಿ. ಚಂದದ ನೆರಳಿಗಿಂತ ತಡೆಯಿಲ್ಲದ ಓಟ ಮುಖ್ಯ. ವೈಫೈ ಮೂಲಕ ಆಡುವವರು ಕಂಪ್ಯೂಟರನ್ನು ರೂಟರ್‌ಗೆ ತಂತಿಯಲ್ಲೇ ಜೋಡಿಸಿ, ಹೆಡ್‌ಸೆಟ್‌ಗೆ 5 ಗಿಗಾಹರ್ಟ್ಸ್ ಬ್ಯಾಂಡ್ ಕೊಡಿ, ರೂಟರ್ ಇರುವ ಕೋಣೆಯಲ್ಲೇ ಆಡಿ. ಚಿತ್ರ ಆಗಾಗ ತಡವರಿಸಿದರೆ ಆ ದಿನ ಆಟ ಬಿಟ್ಟುಬಿಡಿ.

ಇನ್ನು ಬೆಳಕು. ಈಗಿನ ಹೆಡ್‌ಸೆಟ್‌ಗಳು ಹೊರಮೈಯಲ್ಲಿರುವ ಕ್ಯಾಮೆರಾಗಳಿಂದ ಕೋಣೆಯನ್ನು ನೋಡಿ ತಾವೆಲ್ಲಿದ್ದೇವೆ ಅಂತ ತಿಳಿದುಕೊಳ್ಳುತ್ತವೆ. ಮಬ್ಬು ಬೆಳಕು, ಏನೂ ಇಲ್ಲದ ಬಿಳಿ ಗೋಡೆ, ದೊಡ್ಡ ಕನ್ನಡಿ, ಕ್ಯಾಮೆರಾ ಮೇಲೆ ಬೆರಳಿನ ಎಣ್ಣೆ ಕಲೆ ಇದ್ದರೆ ಅವು ತಡಕಾಡುತ್ತವೆ. ಆಗ ನಿಮ್ಮ ಸುತ್ತಲಿನ ಲೋಕ ಕೂದಲೆಳೆಯಷ್ಟು ನಡುಗುತ್ತದೆ. ಕಣ್ಣಿಗೆ ಗೊತ್ತಾಗದಿದ್ದರೂ ಹೊಟ್ಟೆಗೆ ಗೊತ್ತಾಗುತ್ತದೆ. ಲೈಟ್ ಹಾಕಿ, ಗೋಡೆಗೆ ಒಂದೆರಡು ಚಿತ್ರ ಅಂಟಿಸಿ, ಕನ್ನಡಿಗೆ ಬಟ್ಟೆ ಹೊದಿಸಿ. ಕ್ವೆಸ್ಟ್ ಸೆಟ್ಟಿಂಗ್‌ನಲ್ಲಿ ಟ್ರ್ಯಾಕಿಂಗ್ ಫ್ರೀಕ್ವೆನ್ಸಿ ಅಂತ ಒಂದು ಆಯ್ಕೆ ಇದೆ. ನಮ್ಮ ಕರೆಂಟ್ 50 ಹರ್ಟ್ಸ್, ಅಮೆರಿಕದ್ದು 60. ಅಲ್ಲಿರುವ ಮಗಳೋ ತಮ್ಮನೋ ಸೂಟ್‌ಕೇಸಿನಲ್ಲಿ ತಂದುಕೊಟ್ಟ ಹೆಡ್‌ಸೆಟ್ ಆಗಿದ್ದು, ಟ್ಯೂಬ್‌ಲೈಟ್ ಕೆಳಗೆ ಟ್ರ್ಯಾಕಿಂಗ್ ನಡುಗುತ್ತಿದ್ದರೆ ಅದನ್ನು ಒಮ್ಮೆ ತೆರೆದು 50 ಮಾಡಿ ನೋಡಿ. ಬೆಳಕು ಬೇಕು ಅಂತ ಕಿಟಕಿಯ ಬಿಸಿಲಿಗೆ ಮಾತ್ರ ಇಡಬೇಡಿ. ಲೆನ್ಸ್‌ನೊಳಗೆ ಬಿಸಿಲು ಬಿದ್ದರೆ ಪರದೆ ಸುಟ್ಟುಹೋಗುತ್ತದೆ.

ನಾಲ್ಕನೇ ಹೆಜ್ಜೆ: ಲೆನ್ಸ್ ನಿಮ್ಮ ಕಣ್ಣಿಗೆ ಹೊಂದಿದೆಯೇ?

ಇದನ್ನು ಬಹಳ ಜನ ಮಾಡುವುದೇ ಇಲ್ಲ. ಮಾಡಲು ಎರಡು ನಿಮಿಷ ಸಾಕು.

ಎರಡು ಕಣ್ಣುಗಳ ಕಪ್ಪು ಗುಡ್ಡೆಗಳ ನಡುವಿನ ದೂರಕ್ಕೆ ಐಪಿಡಿ ಅನ್ನುತ್ತಾರೆ. ದೊಡ್ಡವರಲ್ಲಿ ಸರಾಸರಿ 63 ಮಿಲಿಮೀಟರ್ ಆಸುಪಾಸು, ಆದರೆ ಒಬ್ಬೊಬ್ಬರದು ಒಂದೊಂದು. ಕನ್ನಡಕದ ಅಂಗಡಿಯಲ್ಲಿ ಕೇಳಿದರೆ ಅಳೆದು ಹೇಳುತ್ತಾರೆ, ಅವರು ಅದನ್ನು ಪಿಡಿ ಅನ್ನುತ್ತಾರೆ. ಕನ್ನಡಕ ಮಾಡಿಸಿದ್ದರೆ ಹಳೆಯ ಚೀಟಿಯಲ್ಲೇ ಬರೆದಿರಬಹುದು. ಕ್ವೆಸ್ಟ್ 2ರಲ್ಲಿ ಲೆನ್ಸ್‌ಗಳನ್ನು ಕೈಯಲ್ಲೇ ಸರಿಸಿದರೆ 58, 63, 68 ಅಂತ ಮೂರು ಜಾಗದಲ್ಲಿ ನಿಲ್ಲುತ್ತವೆ. ಕ್ವೆಸ್ಟ್ 3ರಲ್ಲಿ ಕೆಳಗೆ ಒಂದು ಗಾಲಿ ಇದೆ, ಅದನ್ನು ತಿರುಗಿಸಿ ಬೇಕಾದಲ್ಲಿ ನಿಲ್ಲಿಸಬಹುದು.

ನಾನು ಯಾರಿಗಾದರೂ ಹಾಕಿಸುವಾಗ ಮೊದಲು ಪಟ್ಟಿಗಳನ್ನೆಲ್ಲ ಸಡಿಲ ಮಾಡುತ್ತೇನೆ. ಹಿಂದಿನ ಪಟ್ಟಿ ತಲೆಬುರುಡೆಯ ಉಬ್ಬಿಗಿಂತ ಕೆಳಗೆ, ಕುತ್ತಿಗೆ ಶುರುವಾಗುವಲ್ಲಿ ಕೂರಬೇಕು. ಜಡೆಯೋ ತುರುಬೋ ಇದ್ದರೆ ಅದನ್ನು ಪಟ್ಟಿಗಳ ನಡುವಿನ ಸಂದಿಯಿಂದ ಹೊರಗೆ ತೆಗೆಯಬೇಕು. ಇಲ್ಲದಿದ್ದರೆ ಪಟ್ಟಿ ಜಾರುತ್ತಲೇ ಇರುತ್ತದೆ. ಆಮೇಲೆ ಮೆನುವಿನ ಒಂದು ಸಣ್ಣ ಅಕ್ಷರವನ್ನು ನೋಡುತ್ತಾ ಹೆಡ್‌ಸೆಟ್ಟನ್ನು ನಿಧಾನವಾಗಿ ಮೇಲೆ ಕೆಳಗೆ ಜರುಗಿಸಲು ಹೇಳುತ್ತೇನೆ. ಒಂದು ಜಾಗದಲ್ಲಿ ಅಕ್ಷರ ತಟ್ಟನೆ ತಿಳಿಯಾಗುತ್ತದೆ. ಅಲ್ಲೇ ಹಿಡಿದು ಮೇಲಿನ ಪಟ್ಟಿ ಬಿಗಿ ಮಾಡಬೇಕು. ಕೊನೆಗೆ ಐಪಿಡಿ ಸರಿಸಿ, ಒಂದೊಂದು ಕಣ್ಣು ಮುಚ್ಚಿ ಎರಡರಲ್ಲೂ ಅಕ್ಷರ ಒಂದೇ ಥರ ಕಾಣುತ್ತದಾ ಅಂತ ನೋಡಬೇಕು. ಮನೆಯಲ್ಲಿ ನಾಲ್ಕು ಜನ ಆಡಿದರೆ ನಾಲ್ಕು ಸಲವೂ ಇದನ್ನು ಮಾಡಲೇಬೇಕು.

ವಿಆರ್ ಹೆಂಗಸರಿಗೆ ಜಾಸ್ತಿ ಆಗಿಬರೋದಿಲ್ಲ ಅನ್ನುವ ಮಾತು ಬಹಳ ಕಡೆ ಕೇಳಿಬರುತ್ತದೆ. 2020ರಲ್ಲಿ ಸಂಶೋಧಕಿ ಕೇ ಸ್ಟ್ಯಾನಿ ಮತ್ತು ಜೊತೆಗಾರರು ಇದನ್ನೇ ಪರೀಕ್ಷಿಸಿದರು. ಹೆಂಗಸರಲ್ಲಿ ಹೆಚ್ಚಿನ ತೊಂದರೆಗೆ ಮುಖ್ಯ ಕಾರಣ ಹೆಡ್‌ಸೆಟ್‌ನ ಐಪಿಡಿ ಅವರ ಕಣ್ಣಿಗೆ ಹೊಂದದೇ ಇರುವುದು ಅಂತ ಕಂಡುಬಂತು. ಹೊಂದಿದಾಗ ಗಂಡಸರಿಗೂ ಹೆಂಗಸರಿಗೂ ವ್ಯತ್ಯಾಸ ಉಳಿಯಲಿಲ್ಲ. ಸಾಮಾನ್ಯವಾಗಿ ಹೆಂಗಸರ ಐಪಿಡಿ ಸ್ವಲ್ಪ ಕಡಿಮೆ. ಮನೆಯ ಗಂಡಸು ತನಗೆ ಬೇಕಾದಂತೆ ಹೊಂದಿಸಿಕೊಂಡ ಹೆಡ್‌ಸೆಟ್ಟನ್ನೇ ಅಮ್ಮನಿಗೋ ಹೆಂಡತಿಗೋ ಹಾಕಿ, ಅವರಿಗೆ ತಲೆನೋವು ಬಂದಾಗ "ನಿಂಗಾಗಲ್ಲ ಬಿಡು" ಅನ್ನುವುದು ಅನ್ಯಾಯ.

ದೂರ ಸರಿಯಾಗಿ ಕಾಣದೆ ಕನ್ನಡಕ ಹಾಕುವವರು ಹೆಡ್‌ಸೆಟ್ ಒಳಗೂ ಅದನ್ನು ಹಾಕಿಕೊಳ್ಳಿ. ಪರದೆ ಮೂಗಿನ ಹತ್ತಿರವೇ ಇದ್ದರೂ ಲೆನ್ಸ್ ಅದನ್ನು ಒಂದೆರಡು ಮೀಟರ್ ದೂರದಲ್ಲಿ ಇದ್ದ ಹಾಗೆ ತೋರಿಸುತ್ತದೆ. ಇದೇ ಕಾರಣಕ್ಕೆ ಬರೀ ಓದುವ ಕನ್ನಡಕ ಬೇಕಾದವರಿಗೆ ಇಲ್ಲಿ ಅದು ಸಾಮಾನ್ಯವಾಗಿ ಬೇಕಾಗುವುದಿಲ್ಲ. ಕನ್ನಡಕದ ಗಾಜು ಹೆಡ್‌ಸೆಟ್ ಲೆನ್ಸ್‌ಗೆ ಉಜ್ಜದಂತೆ ಸ್ಪೇಸರ್ (ನಡುವೆ ಅಂತರ ಕೊಡುವ ಚೌಕಟ್ಟು) ಹಾಕಿ.

ಇನ್ನೊಂದು ಮಿತಿ ಇದೆ, ಅದನ್ನು ಸೆಟ್ಟಿಂಗ್‌ನಲ್ಲಿ ಸರಿ ಮಾಡಲು ಆಗುವುದಿಲ್ಲ. ವಿಆರ್‌ನಲ್ಲಿ ಒಂದು ಹೂವನ್ನು ಮುಖದ ಹತ್ತಿರ ತಂದರೆ ಎರಡೂ ಕಣ್ಣು ಒಳಗೆ ತಿರುಗುತ್ತವೆ, ಆದರೆ ಫೋಕಸ್ ಮಾತ್ರ ಆ ಒಂದೆರಡು ಮೀಟರ್ ದೂರದಲ್ಲೇ ಉಳಿಯಬೇಕು. ನಿಜ ಜೀವನದಲ್ಲಿ ಈ ಎರಡು ಯಾವಾಗಲೂ ಜೊತೆಯಲ್ಲಿ ಹೋಗುತ್ತವೆ. ಬಿಡಿಸಿದರೆ ಕಣ್ಣು ದಣಿಯುತ್ತದೆ. ಹಾಗಾಗಿ ವಸ್ತುಗಳನ್ನು, ಬ್ರೌಸರ್ ಕಿಟಕಿಯನ್ನು ಕೈಯಳತೆಗಿಂತ ಆಚೆ ಇಟ್ಟುಕೊಳ್ಳಿ.

ಐದನೇ ಹೆಜ್ಜೆ: ನಿಮ್ಮನ್ನು ಓಡಾಡಿಸುತ್ತಿರುವುದು ಯಾರು?

ಮೇಲಿನದ್ದೆಲ್ಲ ಸರಿಯಿದ್ದೂ ಹೊಟ್ಟೆ ತೊಳಸಿದರೆ ಕಾರಣ ಬಹುಪಾಲು ಇದೇ. ಯಾವ ಆ್ಯಪ್ ತೆರೆಯುವ ಮುಂಚೆಯೂ ಒಂದೇ ಪ್ರಶ್ನೆ ಕೇಳಿ: ಇದರಲ್ಲಿ ನಾನು ಜಾಗ ಬದಲಿಸುವುದು ನನ್ನ ಕಾಲಿನಿಂದಲೋ, ಕೈಯಲ್ಲಿ ಹಿಡಿದ ಕಂಟ್ರೋಲರ್‌ನಲ್ಲಿ ಹೆಬ್ಬೆರಳಿನ ಕೆಳಗಿರುವ ಸ್ಟಿಕ್‌ನಿಂದಲೋ, ಇಲ್ಲಾ ಆಟವೇ ನನ್ನನ್ನು ಎಳೆದುಕೊಂಡು ಹೋಗುತ್ತದೋ?

ಕಾಲಿನಿಂದ ಆದರೆ ಕಣ್ಣಿಗೂ ಕಿವಿಗೂ ಜಗಳವೇ ಇಲ್ಲ. ಹಾಡಿನ ತಾಳಕ್ಕೆ ಬ್ಲಾಕ್ ಕಡಿಯುವ ಬೀಟ್ ಸೇಬರ್‌ನಂಥ ಆಟವನ್ನು ಜನ ಗಂಟೆಗಟ್ಟಲೆ ಆಡುವುದು ಅದಕ್ಕೇ. ಬ್ಲಾಕ್‌ಗಳು ನಿಮ್ಮ ಕಡೆ ಬರುತ್ತವೆ, ನೀವು ನಿಂತಲ್ಲೇ ಇರುತ್ತೀರಿ. ಮೈ ಬೆವರಿದರೂ ಅದು ವ್ಯಾಯಾಮದ ಬೆವರು. ರೋಲರ್ ಕೋಸ್ಟರ್ ಮೂರನೆಯ ಬಗೆ, ಎಲ್ಲಕ್ಕಿಂತ ಕಷ್ಟದ್ದು. ಏರುವುದು, ಇಳಿಯುವುದು, ಸುತ್ತುವುದು ಎಲ್ಲ ಇದೆ, ಹಿಡಿತ ಒಂದಿಷ್ಟೂ ಇಲ್ಲ. ಹೊಸಬರಿಗೆ ಇದನ್ನು ಮೊದಲು ತೋರಿಸುವುದು ಬೇಡವೇ ಬೇಡ.

ಸ್ಟಿಕ್ ಬಳಸುವ ಆಟಗಳು ನಡುವಿನವು, ಸೆಟ್ಟಿಂಗ್ ಉಪಯೋಗಕ್ಕೆ ಬರುವುದು ಇಲ್ಲೇ. ಮೊದಲು ತಿರುಗುವುದನ್ನು ಸರಿಮಾಡಿ. ಸ್ಮೂತ್ ಟರ್ನ್ ಅಂತಿದ್ದರೆ ಸ್ನ್ಯಾಪ್ ಟರ್ನ್ ಮಾಡಿ, 30 ಅಥವಾ 45 ಡಿಗ್ರಿ. ಸ್ಟಿಕ್ ಒತ್ತಿದರೆ ಲೋಕ ಗಿರ್ರನೆ ಸುತ್ತುವ ಬದಲು ಒಂದೇ ಸಲಕ್ಕೆ ಬೇರೆ ದಿಕ್ಕು ಕಾಣುತ್ತದೆ. ನಡುವಿನ ಚಲನೆ ಕಣ್ಣಿಗೆ ಬೀಳುವುದೇ ಇಲ್ಲ. ನನ್ನನ್ನು ಕೇಳಿದರೆ ವಿಆರ್‌ನಲ್ಲಿ ಬದಲಿಸಬೇಕಾದ ಸೆಟ್ಟಿಂಗ್ ಒಂದೇ ಒಂದು ಅಂದರೆ ಇದು. ಇನ್ನೂ ಒಳ್ಳೆಯದು ಸ್ಟಿಕ್ ಬಿಟ್ಟು ನೀವೇ ತಿರುಗುವುದು.

ನಡೆಯುವುದಕ್ಕೆ ಟೆಲಿಪೋರ್ಟ್ ಇಟ್ಟುಕೊಳ್ಳಿ. ಕೈ ತೋರಿಸಿದ ಜಾಗಕ್ಕೆ ಒಮ್ಮೆಗೇ ಹೋಗಿ ನಿಲ್ಲುತ್ತೀರಿ. ಹಾಗೆ ಹಾರಿ ಹೋಗುವುದು ಆಟದ ಮಜಾ ಕೆಡಿಸುತ್ತದೆ ಅನ್ನುವವರು ಸ್ಮೂತ್ ನಡಿಗೆಗೆ (ಸ್ಟಿಕ್ ಒತ್ತಿದಷ್ಟು ಹೊತ್ತು ಸಾಗುತ್ತಲೇ ಇರುವುದು) ಬರಬಹುದು, ಆದರೆ ಮೆಲ್ಲಗೆ. ಕಿವಿಗೆ ಗೊತ್ತಾಗುವುದು ವೇಗದ ಬದಲಾವಣೆ ಮಾತ್ರ ಅಂತ ಆಗ ಹೇಳಿದೆನಲ್ಲ, ಅದು ಇಲ್ಲಿ ಬೇಕು. ಒಂದೇ ವೇಗದಲ್ಲಿ ನೇರವಾಗಿ ಮುಂದೆ ಹೋದರೆ ಕಿವಿಯಿಂದ ಅಷ್ಟು ತಕರಾರು ಬರುವುದಿಲ್ಲ. ನಿಲ್ಲುವುದು, ಹೊರಡುವುದು, ಪಕ್ಕಕ್ಕೆ ಸರಿಯುವುದು, ಹಿಂದಕ್ಕೆ ಹೋಗುವುದು, ಮೆಟ್ಟಿಲು, ಹಾರಿ ಬೀಳುವುದು ಇವೇ ಕಷ್ಟ. ಸ್ಟಿಕ್ಕನ್ನು ಆಗಾಗ ತಳ್ಳಿ ಬಿಡುವ ಬದಲು, ಹೋಗಬೇಕಾದ ಕಡೆಗೆ ಮುಖ ಮಾಡಿ ಒಂದೇ ಸಮನೆ ಒತ್ತಿ ಹಿಡಿಯಿರಿ. "ಹೆಡ್ ಬಾಬ್", "ಕ್ಯಾಮೆರಾ ಶೇಕ್" ಅಂತ ನೋಟವನ್ನು ಕುಲುಕಿಸುವ ಆಯ್ಕೆ ಏನಿದ್ದರೂ ಆಫ್ ಮಾಡಿ.

ವಿನ್ಯೆಟ್ ಅಥವಾ ಟನಲಿಂಗ್ ಅನ್ನುವ ಆಯ್ಕೆ ಸಿಕ್ಕರೆ ಪೂರ್ತಿ ಏರಿಸಿ. ಚಲಿಸುವಾಗ ಅದು ನೋಟದ ಅಂಚನ್ನು ಕಪ್ಪು ಮಾಡಿ ನಡುವಿನದನ್ನಷ್ಟೇ ತೋರಿಸುತ್ತದೆ. ನಾವು ಚಲಿಸುತ್ತಿದ್ದೇವೆ ಅನ್ನುವ ಭ್ರಮೆ ಜಾಸ್ತಿ ಹುಟ್ಟುವುದು ಕಣ್ಣಿನ ಅಂಚಿನಿಂದ. ಸ್ಟೇಷನ್ನಿನಲ್ಲಿ ಪಕ್ಕದ ರೈಲು ಹೊರಟಾಗ ನಮ್ಮದೇ ಹೊರಟಿತು ಅನ್ನಿಸುವುದೂ ಇದೇ ಭ್ರಮೆ. 2016ರಲ್ಲಿ ಕೊಲಂಬಿಯಾ ವಿಶ್ವವಿದ್ಯಾಲಯದ ಫರ್ನಾಂಡಿಸ್ ಮತ್ತು ಫೈನರ್ ನೋಟವನ್ನು ಸದ್ದಿಲ್ಲದೆ ಕಿರಿದು ಮಾಡಿದರೆ ತೊಂದರೆ ತಗ್ಗುತ್ತದೆ, ಆಡುವವರಲ್ಲಿ ಹೆಚ್ಚಿನವರು ಅದನ್ನು ಗಮನಿಸುವುದೂ ಇಲ್ಲ ಅಂತ ತೋರಿಸಿದರು. ಪರ್ಡ್ಯೂ ವಿಶ್ವವಿದ್ಯಾಲಯದವರು 2015ರಲ್ಲಿ ನೋಟದ ನಡುವೆ ಒಂದು ಮೂಗು ಬಿಡಿಸಿ ಇಟ್ಟರು, ಅದೂ ಕೆಲಸ ಮಾಡಿತು. ಲೋಕವೆಲ್ಲ ಓಡುವಾಗ ನಿಂತಿರುವ ಒಂದು ವಸ್ತು ಕಣ್ಣಿಗೆ ಆಸರೆ ಕೊಡುತ್ತದೆ. ಕಾರು, ವಿಮಾನದ ಆಟಗಳಲ್ಲಿ ಸುತ್ತ ಕಾಣುವ ಡ್ಯಾಶ್‌ಬೋರ್ಡ್ ಮಾಡುವುದೂ ಇದನ್ನೇ. ಅಂಥ ಆಟಗಳನ್ನು ಕೂತೇ ಆಡಿ. ಆಟದೊಳಗೆ ಕೂತು, ಹೊರಗೆ ನಿಂತಿದ್ದರೆ ಇನ್ನೊಂದು ಜಗಳ ಶುರುವಾಗುತ್ತದೆ.

ಮೆಟಾ ಸ್ಟೋರ್‌ನಲ್ಲಿ ಆಟಗಳಿಗೆ ಕಂಫರ್ಟಬಲ್, ಮಾಡರೇಟ್, ಇಂಟೆನ್ಸ್ ಅಂತ ಗುರುತು ಹಾಕಿರುತ್ತಾರೆ. ಶುರುವಿನಲ್ಲಿ ಮೊದಲನೆಯದನ್ನು ಬಿಟ್ಟು ಆಚೆ ಹೋಗಬೇಡಿ.

ಆರನೇ ಹೆಜ್ಜೆ: ಮೈಯನ್ನು ನಿಧಾನವಾಗಿ ಒಗ್ಗಿಸಿ

ಹೆಚ್ಚಿನವರ ಮೈ ಒಗ್ಗುತ್ತದೆ. ಆದರೆ ಒಗ್ಗುವುದು ದಿನಕ್ಕೆ ಸ್ವಲ್ಪ ಸ್ವಲ್ಪ, ಬಿಡುವು ಕೊಟ್ಟು ಆಡಿದಾಗ. ಹಲ್ಲು ಕಚ್ಚಿ ಒಂದೇ ದಿನ ಜಾಸ್ತಿ ಹೊತ್ತು ಆಡಿದರೆ ಏನೂ ಪ್ರಯೋಜನವಿಲ್ಲ, ಕೆಡಕೂ ಇದೆ. ವಾಕರಿಕೆ ಬಂದಾಗ ಮೈ ಅದನ್ನು ಸುಲಭಕ್ಕೆ ಮರೆಯುವುದಿಲ್ಲ. ಆಮೇಲೆ ಹೆಡ್‌ಸೆಟ್‌ನ ಫೋಮ್ ವಾಸನೆ ಬಂದರೂ ಹೊಟ್ಟೆ ಕಿವುಚುವ ಹಾಗೆ ಆಗಬಹುದು. "ಇನ್ನೊಂದು ಲೆವೆಲ್ ಮುಗಿಸಿ ತೆಗೀತೀನಿ" ಅನ್ನಬೇಡಿ. ಮೊದಲ ಸೂಚನೆಗೇ ತೆಗೆಯಿರಿ.

ಆ ಮೊದಲ ಸೂಚನೆ ಯಾವುದು? ಆಡುವವರಿಗಿಂತ ಪಕ್ಕದಲ್ಲಿ ನಿಂತವರಿಗೆ ಅದು ಬೇಗ ಕಾಣುತ್ತದೆ. ಮನೆಗೆ ಬಂದ ನೆಂಟರಿಗೆ ಹೆಡ್‌ಸೆಟ್ ಹಾಕಿಸಿದಾಗ ನಾನು ಟಿವಿಯಲ್ಲಿ ಕಾಣುವ ಆಟ ನೋಡುವುದಿಲ್ಲ, ಅವರ ಗಂಟಲು ನೋಡುತ್ತೇನೆ. ಉಗುಳು ನುಂಗುವುದು ಜಾಸ್ತಿಯಾಗುತ್ತದೆ. ಆಮೇಲೆ ಆಕಳಿಕೆ, ಒಂದೆರಡು ತೇಗು. ಇಷ್ಟು ಹೊತ್ತು "ಅಯ್ಯೋ ನೋಡು, ಇಲ್ನೋಡು" ಅಂತ ಕೂಗುತ್ತಿದ್ದವರು ಸುಮ್ಮನಾಗುತ್ತಾರೆ. ಮೇಲ್ದುಟಿಯ ಮೇಲೆ ಸಣ್ಣಗೆ ಬೆವರು ಬರುತ್ತದೆ, ಮುಖದ ಬಣ್ಣ ಇಳಿಯುತ್ತದೆ. ಇಲ್ಲಿಗೆ ನಿಲ್ಲಿಸಿದರೆ ಸಾಮಾನ್ಯವಾಗಿ ಬೇಗ ಸರಿಹೋಗುತ್ತದೆ. ಕೇಳಿದರೆ "ಏನಿಲ್ಲ, ಚೆನ್ನಾಗಿದೆ" ಅಂದೇ ಅನ್ನುತ್ತಾರೆ, ಅದರಲ್ಲೂ ಹಿರಿಯರು. ಕೇಳದೇ "ಅತ್ತೆ, ಒಂದು ನಿಮಿಷ ಕಣ್ಣು ಮುಚ್ಚಿ, ನಾನೇ ತೆಗೀತೀನಿ" ಅಂತ ತೆಗೆದುಬಿಡುವುದೇ ಮೇಲು.

ಮೊದಲ ವಾರ ಒಂದು ಸಲಕ್ಕೆ ಐದರಿಂದ ಹತ್ತು ನಿಮಿಷ ಸಾಕು, ನಿಂತಲ್ಲೇ ಆಡುವ ಆಟಗಳು ಮಾತ್ರ. ಏನೂ ತೊಂದರೆ ಇಲ್ಲದಿದ್ದರೆ ಎರಡನೇ ವಾರ ಹೊತ್ತು ಹೆಚ್ಚಿಸಿ, ಟೆಲಿಪೋರ್ಟ್ ಇರುವ ಆಟಕ್ಕೆ ಬನ್ನಿ. ಸ್ಮೂತ್ ನಡಿಗೆ ಅದರ ಮೇಲೆ, ವಿನ್ಯೆಟ್ ಪೂರ್ತಿ ಇಟ್ಟು. ವಿನ್ಯೆಟ್ ಇಳಿಸುವುದು ಕೊನೆಗೆ. ಯಾವ ಹಂತದಲ್ಲಿ ಮುಗ್ಗರಿಸಿದರೂ ಒಂದು ಹಂತ ಹಿಂದೆ ಬನ್ನಿ. ಬಹಳ ದಿನ ಬಿಟ್ಟು ಮತ್ತೆ ಹಾಕಿಕೊಂಡಾಗಲೂ ಹೀಗೇ ಕೆಳಗಿನಿಂದ ಬನ್ನಿ, ಒಗ್ಗಿದ್ದು ಸ್ವಲ್ಪ ಮರೆತಿರುತ್ತದೆ.

ಕೋಣೆ ತಂಪಾಗಿರಲಿ. ಎದುರಿಗೆ ಟೇಬಲ್ ಫ್ಯಾನ್ ಇಡಿ. ಮೈಗೆ ಗಾಳಿ ಬಡಿಯುತ್ತಿದ್ದರೆ ಹಾಯಾಗಿರುತ್ತದೆ, ಎದುರು ಯಾವ ಕಡೆ ಅನ್ನುವುದೂ ತಿಳಿಯುತ್ತಿರುತ್ತದೆ. ಸೀಲಿಂಗ್ ಫ್ಯಾನ್ ಕೆಳಗೆ ಮಾತ್ರ ನಿಲ್ಲಬೇಡಿ. ವಿಆರ್‌ನಲ್ಲಿ ಕೈ ಮೇಲೆತ್ತುವುದು ಗೊತ್ತೇ ಆಗುವುದಿಲ್ಲ, ತಗ್ಗಿನ ಚಾವಣಿಯ ಮನೆಗಳಲ್ಲಿ ರೆಕ್ಕೆ ಬೆರಳಿಗೆ ತಾಗುತ್ತದೆ. ಬರಿಗಾಲಲ್ಲಿ ಒಂದು ಸಣ್ಣ ಚಾಪೆ ಮೇಲೆ ನಿಂತರೆ ನಿಮ್ಮ ಜಾಗ ಕಾಲಿಗೇ ಗೊತ್ತಾಗುತ್ತದೆ.

ಹೊಟ್ಟೆ ಖಾಲಿ ಇರಬಾರದು, ಹಬ್ಬದೂಟ ಮುಗಿಸಿದ ಕೂಡಲೇ ಹಾಕಿಕೊಳ್ಳಲೂಬಾರದು. ಶುಂಠಿ ವಾಕರಿಕೆಗೆ ಕೆಲವರಿಗೆ ಹಿಡಿಸುತ್ತದೆ, ಒಂದು ಲೋಟ ಶುಂಠಿ ಕಷಾಯದಿಂದ ನಷ್ಟವೇನಿಲ್ಲ. ಬಸ್ಸು ಹತ್ತುವ ಮುಂಚೆ ತೆಗೆದುಕೊಳ್ಳುವ ಮಾತ್ರೆಗಳು ಮಾತ್ರ ಬೇಡ. ಅವು ಮಂಪರು ತರಿಸುತ್ತವೆ, ಆಟಕ್ಕೋಸ್ಕರ ಅದನ್ನು ರೂಢಿ ಮಾಡಿಕೊಳ್ಳುವುದು ಸರಿಯಲ್ಲ. ತೀರಾ ಬೇಕೆನಿಸಿದರೆ ಡಾಕ್ಟರನ್ನು ಕೇಳಿ.

ಆಗಲೇ ಹುಷಾರು ತಪ್ಪಿದ್ದರೆ

ಕಣ್ಣು ಮುಚ್ಚಿ, ಹೆಡ್‌ಸೆಟ್ ತೆಗೆದು, ಕೂತುಕೊಳ್ಳಿ. ಕಿಟಕಿಯ ಹತ್ತಿರ ಗಾಳಿಗೆ ಬಂದು ದೂರದ ಮರವನ್ನೋ ಮನೆಯನ್ನೋ ನೋಡಿ. ಗುಟುಕು ಗುಟುಕಾಗಿ ನೀರು ಕುಡಿಯಿರಿ. ತಕ್ಷಣ ಮೊಬೈಲ್ ಕೈಗೆತ್ತಿಕೊಳ್ಳಬೇಡಿ. ವಾಕರಿಕೆ ಹೋದ ಮೇಲೂ ಒಂಥರಾ ಜಡ, ನಿದ್ದೆ ಬಂದ ಹಾಗೆ ಇರಬಹುದು. ಅದೂ ಇದರದೇ ಭಾಗ. ಪೂರ್ತಿ ಸರಿಹೋಗುವವರೆಗೆ ಬೈಕ್, ಕಾರು ಮುಟ್ಟಬೇಡಿ. ಸಿಮ್ಯುಲೇಟರ್‌ನಲ್ಲಿ ಹುಷಾರು ತಪ್ಪಿದ ಪೈಲಟ್‌ಗಳನ್ನೂ ಕೂಡಲೇ ವಿಮಾನ ಹತ್ತಲು ಬಿಡುವುದಿಲ್ಲ. ಮಾಲ್‌ನಲ್ಲಿ ವಿಆರ್ ಆಡಿ ನೇರ ಪಾರ್ಕಿಂಗ್‌ಗೆ ಹೋಗುವವರು ಇದನ್ನು ನೆನಪಿಡಿ. ಮೊದಲು ಎಲ್ಲಾದರೂ ಕೂತು ಕಾಫಿ ಕುಡಿದು ಹೊರಡಿ.

ಯಾರು ಜಾಸ್ತಿ ಎಚ್ಚರ ವಹಿಸಬೇಕು

ಮೈಗ್ರೇನ್ ಇರುವವರು, ಬಸ್ಸು ಕಾರಿನಲ್ಲಿ ಸುಲಭವಾಗಿ ವಾಂತಿ ಬರುವವರು ಮೇಲಿನ ಹಂತಗಳನ್ನು ಇನ್ನೂ ನಿಧಾನಕ್ಕೆ ಹತ್ತಬೇಕು. ನೆಗಡಿ, ಕಿವಿ ಸೋರುವುದು, ನಿದ್ದೆಗೆಟ್ಟ ದಿನ ಇದ್ದರೆ ಬೇಡ. ಮೂರ್ಛೆ ರೋಗ ಇರುವವರು, ವರ್ಟಿಗೋಗೆ (ತಲೆಸುತ್ತಿನ ಕಾಯಿಲೆ) ಚಿಕಿತ್ಸೆ ತೆಗೆದುಕೊಳ್ಳುವವರು, ಬಸುರಿಯರು ಡಾಕ್ಟರನ್ನು ಕೇಳದೆ ಹಾಕಿಕೊಳ್ಳಬಾರದು. ಮಕ್ಕಳ ವಿಷಯದಲ್ಲಿ ಕ್ವೆಸ್ಟ್‌ಗೆ ಮೆಟಾ ಇ‌ಟ್ಟಿರುವ ಮಿತಿ 10 ವರ್ಷ, 10ರಿಂದ 12ರವರೆಗೆ ಅಪ್ಪ ಅಮ್ಮ ನಿಭಾಯಿಸುವ ಖಾತೆ ಬೇಕು. ಮಕ್ಕಳ ಐಪಿಡಿ ಚಿಕ್ಕದು ಅನ್ನುವುದನ್ನೂ ಮರೆಯಬೇಡಿ. ಹೆಡ್‌ಸೆಟ್ ತೆಗೆದು ಒಂದು ದಿನವಾದರೂ ತಲೆಸುತ್ತು ಹೋಗದಿದ್ದರೆ, ಹಾಸಿಗೆಯಲ್ಲಿ ಮಗ್ಗುಲು ತಿರುಗಿದಾಗೆಲ್ಲ ಸುತ್ತಿದರೆ ಇಎನ್‌ಟಿ ಡಾಕ್ಟರ ಹತ್ತಿರ ಹೋಗಿ. ಅದರ ಕಾರಣ ಬೇರೆಯೇ ಇರಬಹುದು.

ಇನ್ನೂ ಕೊಂಡಿಲ್ಲ ಅನ್ನುವವರು ಗೆಳೆಯರ ಹತ್ತಿರವೋ ಅಂಗಡಿಯಲ್ಲೋ ಒಮ್ಮೆ ಹಾಕಿ ನೋಡಿಯೇ ಕೊಳ್ಳಿ. ಮೈ ಬಗ್ಗಿಸಿದಾಗ ವಸ್ತು ಹತ್ತಿರ ಬರಬೇಕು, ನಿಮ್ಮ ಐಪಿಡಿ ಅದರ ಮಿತಿಯೊಳಗೆ ಇರಬೇಕು, ಪರದೆ ಕನಿಷ್ಠ 72, ಸಾಧ್ಯವಾದರೆ 90 ಹರ್ಟ್ಸ್ ಇರಬೇಕು. ಅಂಗಡಿಯವರು ರೋಲರ್ ಕೋಸ್ಟರ್ ಹಾಕಲು ಬಂದರೆ ಬೇಡ ಅನ್ನಿ, ನಿಂತಲ್ಲೇ ಆಡುವುದೇನಾದರೂ ಹಾಕಲು ಕೇಳಿ.